ಹೊಸ ನಳಿಗೆಯ ಹತ್ತು ಗುಂಡು

ಕೆಲಸದ ಕೋಣೆ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಭುಜದ ನೋವು ಇಳಿಯಿತೇ? ಊಟ ಮಾಡುತ್ತೀಯಂತೆ, ನಿದ್ದೆ ಮಾತ್ರ ಇಲ್ಲವಂತೆ, ದೊಡ್ಡಮ್ಮ ಹೇಳಿದಳು. ನನ್ನ ಫೋನು ನೀನು ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಳೆದ ಸ್ಪರ್ಧೆಯಲ್ಲಿ ಸೋತು, ‘ಇನ್ನು ಬಂದೂಕು ಮುಟ್ಟಲ್ಲ’ ಎಂದು ನೀನು ದೊಡ್ಡಮ್ಮನ ಮನೆಗೆ ಹೊರಟುಹೋಗಿ ಇಪ್ಪತ್ತು ದಿನವಾಯಿತು. ಆಯ್ಕೆ ಸ್ಪರ್ಧೆಗೆ ಹೆಸರು ಕೊಡಲು ಶುಕ್ರವಾರವೇ ಕೊನೆ. ಅಪ್ಪ ಆರಾಮ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ‘ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಬೇಡ್ವೇ, ನೋಡೋರಿಗೆ ತಲೆ ಸುತ್ತುತ್ತೆ’ ಎಂದು ಬೆಳಿಗ್ಗೆ ಅಪ್ಪನೇ ಬೈದರು.

ನಿನ್ನ ರೈಫಲ್ಲಿಗೆ ಹೊಸ ನಳಿಗೆ ಹಾಕಿದ್ದೇನೆ. ಕ್ಲಬ್ಬಿನ ಬಂದೂಕುಗಳನ್ನು ಇಪ್ಪತ್ತೆರಡು ವರ್ಷದಿಂದ ರಿಪೇರಿ ಮಾಡುತ್ತಿದ್ದರೂ ಮನೆಯವರದ್ದು ಅಂದರೆ ನನ್ನ ಕೈಯೇ ಬೇರೆಯಾಗುತ್ತದೆ. ಹೊಸ ನಳಿಗೆಯ ಒಳಗೆ, ಕೊರೆದ ಯಂತ್ರದ ಸಣ್ಣ ಗೀರುಗಳು ಉಳಿದಿರುತ್ತವೆ. ಗುಂಡಿನ ತಾಮ್ರದ ಹೊದಿಕೆ ಅವಕ್ಕೆ ಅಂಟುತ್ತದೆ. ಅದಕ್ಕೇ ಮೊದಲ ಹತ್ತು ಗುಂಡು ಒಂದೊಂದಾಗಿ: ಹೊಡೆಯುವುದು, ತಣಿಯಲು ಬಿಡುವುದು, ತಾಮ್ರವೆಲ್ಲ ಹೋಗುವಂತೆ ಒರೆಸುವುದು, ಆಮೇಲೆ ಮತ್ತೊಂದು. ಅವಸರ ಹುಟ್ಟುಗುಣವಾದ ನನಗೆ ಇದೊಂದು ಶಿಕ್ಷೆ.

ನಾಲ್ಕನೆಯದರ ನಂತರ ಪೇಚು ಶುರುವಾಯಿತು. ತಾಮ್ರ ಕರಗಿಸುವ ದ್ರಾವಣದಲ್ಲಿ ಬಟ್ಟೆ ತುಂಡು ಅದ್ದಿ, ನಳಿಗೆ ಒರೆಸುವ ಸರಳಿನ ತುದಿಗೆ ಸಿಕ್ಕಿಸಿ ಒಳಗೆ ದೂಡಿದರೆ ನೀಲಿಯಾಗಿ ಹೊರಬರುತ್ತದೆ. ತಾಮ್ರ ಹೋದ ಮೇಲೆ ಬೆಳ್ಳಗೆ ಬರಬೇಕು. ಬರಲಿಲ್ಲ. ಎರಡು ದಿನ ಒರೆಸಿದೆ. ನಿನ್ನ ಹಳೇ ಅಂಗಿ ಎರಡನ್ನು ಹರಿದು ತುಂಡು ಮಾಡಿದೆ (ಬೈಯಬೇಡ, ಕಾಲರ್ ಸವೆದಿದ್ದವು). ಪ್ರತಿ ಸಲವೂ ಅದೇ ನೀಲಿ. ನಳಿಗೆಯೇ ಸರಿಯಿಲ್ಲ, ವಾಪಸು ಕಳಿಸೋಣವೆಂದು ಬಿಚ್ಚಲು ಹೊರಟಾಗ, ನನಗೆ ಕೆಲಸ ಕಲಿಸಿದ ಮೀಸೆ ಮೇಸ್ತ್ರಿ ಬಂದರು. ಸರಳು ಇಸಿದುಕೊಂಡು ತುದಿ ನೋಡಿದರು. ‘ಏನಮ್ಮಾ, ಹಿತ್ತಾಳೆ ತುದಿ ಹಾಕ್ಕೊಂಡಿದ್ದೀಯಲ್ಲ! ಹಿತ್ತಾಳೇಲಿ ತಾಮ್ರ ಇರಲ್ವಾ? ನೀಲಿ ಬಿಡ್ತಿರೋದು ನಿನ್ನ ಸರಳು. ಪಾಪ, ಆ ನಳಿಗೆ ಏನು ಮಾಡ್ತು?’ ಎಂದು ಮೀಸೆ ನಡುಗುವಷ್ಟು ನಕ್ಕರು. ಮೂರನೆಯದರ ನಂತರ ಪ್ಲಾಸ್ಟಿಕ್ ತುದಿ ಕಳೆದುಹೋಗಿ, ಅವಸರಕ್ಕೆ ಕೈಗೆ ಸಿಕ್ಕಿದ್ದನ್ನು ಸರಳಿಗೆ ತಿರುಗಿಸಿಬಿಟ್ಟಿದ್ದೆ. ಬದಲಾಯಿಸಿದ ಮೇಲೆ ಎರಡನೇ ತುಂಡೇ ಬೆಳ್ಳಗೆ ಬಂತು.

ಇವತ್ತು ಹತ್ತೂ ಮುಗಿದವು. ಕೊನೆಯ ಮೂರು, ಒಂದು ಕಾಸಿನಗಲದ ಜಾಗದಲ್ಲಿ ಬಿದ್ದಿವೆ, ಅದೂ ನನ್ನ ಕನ್ನಡಕದ ಕಣ್ಣಿಗೆ. ರೈಫಲ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ.

ದೊಡ್ಡಮ್ಮನ ಮಂಡಿನೋವು ವಿಚಾರಿಸಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಮಲಗು. ನೀನು ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಹಳೇ ನಳಿಗೆ ಒಳಗೆ ಸವೆದಿದ್ದು ಆ ಸ್ಪರ್ಧೆಗೆ ಎಂಟು ದಿನ ಮೊದಲೇ ನನಗೆ ಗೊತ್ತಿತ್ತು. ‘ಇನ್ನೊಂದು ವರ್ಷ ಧಾರಾಳವಾಗಿ ಬರುತ್ತೆ’ ಎಂದು ಕ್ಲಬ್ಬಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದೆ; ಆ ಮಾತು ವಾಪಸು ತೆಗೆದುಕೊಳ್ಳಲು ನಾಚಿಕೆಯಾಯಿತು. ನೀನು ಸೋತು ಬಂದಾಗ ‘ರೈಫಲ್ ಸರಿಯಾಗೇ ಇದೆ, ನಿನ್ನ ಕೈ ನಡುಗಿದೆ’ ಅಂದವಳೂ ನಾನೇ. ನಿನ್ನ ಕೈ ನಡುಗಿರಲಿಲ್ಲ. ಆಯ್ಕೆ ಸ್ಪರ್ಧೆಗೆ ಬರುವುದು ಬಿಡುವುದು ನಿನ್ನಿಷ್ಟ. ಕೈ ಸರಿಯಿಲ್ಲವೆಂದು ಮಾತ್ರ ಬಿಡಬೇಡ. ಇದನ್ನೇ ಕೋಚ್‌ಗೂ ಬರೆದು ಸಹಿ ಹಾಕಿ ಇಟ್ಟಿದ್ದೇನೆ, ಸಂಜೆ ಕೊಡುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ.