ಡಾಕ್ಟರನ್ನು ನಗಿಸಿದ ಪಾಪ

ಮಂಗಳವಾರ, ಹದಿನಾಲ್ಕು.

ಇಂದು ಡಾಕ್ಟರೊಬ್ಬರನ್ನು ನಗಿಸಿ ಮೋಸ ಮಾಡಿದೆ. ಇಪ್ಪತ್ತು ವರ್ಷದ ಹಾಸ್ಯ ಅಂಕಣದ ಸೇವೆಗೆ ಸಂದ ಪರಮೋಚ್ಚ ಗೌರವ!

ಸ್ತನದ ಕ್ಯಾನ್ಸರ್ ಮರಳದಿರಲೆಂದು ನಾನು ನುಂಗುವ ಮಾತ್ರೆ ಗರ್ಭಕೋಶದ ಒಳಪದರವನ್ನು ದಪ್ಪ ಮಾಡಬಹುದಂತೆ. ಅದಕ್ಕೇ ಈ ಸ್ಕ್ಯಾನಿಂಗ್. ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು, ಪರದೆ ನೋಡುತ್ತಲೇ ಡಾಕ್ಟರು ಕೇಳಿದರು: "ಮುಟ್ಟು ನಿಂತ ಮೇಲೆ ಯಾವಾಗ್ಲಾದ್ರೂ ರಕ್ತ ಕಾಣಿಸ್ಕೊಂಡಿದೆಯಾ?"

ಕಾಣಿಸಿಕೊಂಡಿದೆ. ಎರಡು ವಾರದಲ್ಲಿ ಮೂರು ಸಲ. ಅಕ್ಕನ ಕಣ್ಣಿಗೆ ಬೀಳದಂತೆ ಬಟ್ಟೆ ಒಗೆದು ಒಣಗಿಸಿದ್ದೇನೆ.

"ನನ್ನಲ್ಲಿ ರಕ್ತ ಎಲ್ಲಿ ಉಳಿದಿದೆ ಡಾಕ್ಟ್ರೇ? ಇದ್ದಬದ್ದದ್ದನ್ನೆಲ್ಲ ಸಂಪಾದಕರೇ ಹೀರ್ಕೊಂಡ್ರು" ಎಂದೆ.

ಅವರು ನಗುನಗುತ್ತಲೇ 'ಇಲ್ಲ' ಎಂದು ಬರೆದುಕೊಂಡರು. "ಪದರ ಸ್ವಲ್ಪ ದಪ್ಪ ಇದೆ. ರಕ್ತ ಹೋಗಿಲ್ವಲ್ಲ, ಗಾಬರಿ ಬೇಡ. ಮುಂದಿನ ವರ್ಷ ನೋಡೋಣ."

ಹೊರಗೆ ನನ್ನ ಚೀಲ ತಬ್ಬಿಕೊಂಡು ಕೂತಿದ್ದ ಅಕ್ಕ ಇದನ್ನು ಕೇಳಿ ಕಣ್ಣೊರೆಸಿಕೊಂಡಳು. "ಗಟ್ಟಿ ಪಿಂಡ ಕಣೇ ನೀನು! ನಾನೇ ಸುಮ್ನೆ ಹೆದರಿ ಸಾಯ್ತಿದ್ದೆ."

ಹೆದರಿದ್ದು ನಾನು. ಮತ್ತೆ ಆಪರೇಷನ್ ಎಂದುಬಿಟ್ಟರೆ ಎಂಬ ಭಯಕ್ಕೇ ಹಲ್ಲು ಕಿರಿದೆ. ಕಾಯಿಲೆ ಬಂದಾಗ ನಾಚಿಕೆಯಾಗಿರಲಿಲ್ಲ, ಆ ಜೋಕಿಗೆ ಆಗುತ್ತಿದೆ.

ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರಿಗೆ ಫೋನ್ ಮಾಡಬೇಕು. 'ನಿನ್ನೆ ಸುಳ್ಳು ಹೇಳಿದೆ, ರಕ್ತ ಹೋಗಿದೆ.' ಇಷ್ಟೇ. ನಾಲ್ಕು ಸಲ ಬರೆದು ನೋಡಿದೆ. ನಾಲ್ಕರಲ್ಲೂ ಕೊನೆಗೊಂದು ಜೋಕು ನುಸುಳಿತು, ಹೊಡೆದು ಹಾಕಿದೆ.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಾಳೆ. ಅವಳು ಹಾಡಿ ಎಷ್ಟು ತಿಂಗಳಾಗಿತ್ತು! ಮೊದಲು ಅವಳಿಗೇ ಹೇಳಬೇಕು. ಈ ಹಾಡೊಂದು ಮುಗಿಯಲಿ, ಆಮೇಲೆ…