ನುಡಿಸುತ್ತ ನಡೆದುಹೋದವರಿಗೆ

ಹೊಸನೀರಿನ ತೊಂಬತ್ತನೆಯ ವರ್ಷ, ನಡುಬೇಸಿಗೆ ತಿಂಗಳು, ನಲವತ್ತೊಂದನೆಯ ದಿನ.

ಹಿರಿಯರೇ, ತಿಂಗಳೊಂದಕ್ಕೆ ನಲವತ್ತೊಂದು ದಿನ ಹೇಗೆ ಬಂತೆಂದು ನೀವು ಕೇಳುತ್ತೀರಿ. ಸೆಕೆ ಮುಗಿಯದೆ ಬೇಸಿಗೆಯ ತಿಂಗಳನ್ನು ಮುಗಿಸುವುದು ಬೇಡವೆಂದು ನಮ್ಮ ಮುತ್ತಾತಂದಿರು ತೀರ್ಮಾನ ಮಾಡಿದ್ದರು. ಕೆಲವು ವರ್ಷ ಅದು ಅರವತ್ತು ದಾಟಿದ್ದೂ ಉಂಟು. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ಬರುತ್ತವೆ. ಎರಡು ಮೂರು ತಲೆಮಾರು ದಾಟುವಷ್ಟರಲ್ಲಿ ಮಾತು ಸವೆಯುತ್ತದೆ, ನಮ್ಮ ನಿಮ್ಮ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಕಳೆದಿದೆ. ತಿಳಿಯದ ಕಡೆ ಸ್ವಲ್ಪ ನಿಂತು ಮುಂದೆ ಹೋಗಿ. ನನ್ನ ಹೆಸರು ಸೊಣ್ಣಪ್ಪ. ಕೋಲಾರ ಸೀಮೆಯ ಹಳೆಯ ಗಣಿಯೊಳಗೆ ನಮ್ಮ ಊರು. ಯಾರ ಮೇಲಾದರೂ ಹೊಟ್ಟೆಕಿಚ್ಚು ಬಂದರೆ ಅದನ್ನು ಕಾಗದದ ಮೇಲೆ ಬರೆದು ನೀರು ತುಂಬಿದ ಆಳದ ಬಾವಿಗೆ ಬಿಡಬೇಕೆಂಬುದು ಇಲ್ಲಿಯ ವಾಡಿಕೆ. ಬಿಡದಿದ್ದರೆ ಆ ಮನೆಯ ಅಡುಗೆ ಹಳಸುತ್ತದೆಂದು ಹೆಂಗಸರು ನಂಬಿದ್ದಾರೆ. ನಮ್ಮ ಮನೆಯ ಸಾರು ಮೂರು ದಿನದಿಂದ ಹಳಸುತ್ತಿದೆ. ಹಾಗಾಗಿ ಬರೆಯಲು ಕೂತಿದ್ದೇನೆ.

ಮೊದಲು ನಿಮ್ಮ ಮೇಲಿನ ಹೊಟ್ಟೆಕಿಚ್ಚನ್ನೇ ಹೇಳುತ್ತೇನೆ, ಅದು ಹಳೆಯದು. ನಿಮ್ಮ ಕಾಲದಲ್ಲಿ ಗಿಟಾರುಗಳು ಅಂಗಡಿಯಲ್ಲಿ ಸಾಲಾಗಿ ನೇತಾಡುತ್ತಿದ್ದವಂತೆ. ಬೇಕೆಂದವರು ಮನೆಗೆ ತರುತ್ತಿದ್ದರಂತೆ, ಬೆರಳು ನೋವೆಂದು ನಾಲ್ಕು ದಿನಕ್ಕೆ ಮೂಲೆಗೆ ನಿಲ್ಲಿಸುತ್ತಿದ್ದರಂತೆ, ಅದರ ಮೇಲೆ ಒಗೆದ ಬಟ್ಟೆ ಹಾಕುತ್ತಿದ್ದರಂತೆ. ಇದನ್ನು ನನ್ನ ಅಜ್ಜಿ ಹೇಳಿದಾಗ ಸುಳ್ಳೆಂದುಕೊಂಡೆ. ಆಮೇಲೆ ಹಳೆಯ ಚಿತ್ರವೊಂದರಲ್ಲಿ ನಿಜವಾಗಿಯೂ ಗಿಟಾರಿನ ಕುತ್ತಿಗೆಗೆ ಟವೆಲ್ ಹಾಕಿದ್ದನ್ನು ನೋಡಿದೆ. ಅವತ್ತು ತಟ್ಟೆಯ ಮುದ್ದೆಯನ್ನು ಹಾಗೇ ಬಿಟ್ಟು ಎದ್ದೆ. ನಮ್ಮ ಊರಿಗೆಲ್ಲ ಇರುವುದು ಒಂದೇ ಗಿಟಾರು. ಮರವೆಂದರೆ ನಮ್ಮಲ್ಲಿ ಊರಿನ ಒಬ್ಬ ಆಳಿದ್ದ ಹಾಗೆ. ಅದಕ್ಕೂ ಪಾಲಿನ ನೀರುಂಟು, ಅದು ತಾನಾಗಿ ಸಾಯುವವರೆಗೆ ಯಾರೂ ಕೊಡಲಿ ಎತ್ತುವಂತಿಲ್ಲ. ಈ ಗಿಟಾರನ್ನು ಸಿಡಿಲು ಹೊಡೆದ ಒಂದು ಹಲಸಿನ ಮರದಿಂದ ಮಾಡಿದ್ದು. ತಂತಿಗಳಿಗೆ ಹಳೆಯ ಗಣಿಯ ಲಿಫ್ಟಿನ ಉಕ್ಕಿನ ಹಗ್ಗ ಬಿಚ್ಚಿ, ಒಂದೊಂದು ಎಳೆಯನ್ನೂ ಸಣ್ಣ ತೂತಿನಿಂದ ಇನ್ನೂ ಸಣ್ಣ ತೂತಿಗೆ ಎಳೆದು ತೆಳ್ಳಗೆ ಮಾಡುತ್ತೇವೆ. ನಿಮ್ಮ ಕಾಲದ ಕೂಲಿಯವರನ್ನು ಭೂಮಿಯ ಹೊಟ್ಟೆಗೆ ಇಳಿಸಿದ ಹಗ್ಗ ಈಗ ಹಾಡುತ್ತದೆ.

ಗಿಟಾರು ಯಾವಾಗಲೂ ಒಬ್ಬರ ವಶದಲ್ಲಿರುತ್ತದೆ. ಅವರನ್ನು ನಾವು ಒಡಲಾಳು ಎನ್ನುತ್ತೇವೆ. ಅವರು ಅದನ್ನು ಮನೆಯಲ್ಲಿಟ್ಟುಕೊಂಡು, ವಾರಕ್ಕೊಮ್ಮೆ ದೊಡ್ಡ ಪಡಸಾಲೆಯಲ್ಲಿ ಎಲ್ಲರಿಗಾಗಿ ನುಡಿಸಬೇಕು. ಕಲಿಯುವ ಉಳಿದವರಿಗೆ ಸಿಗುವುದು ಮೌನಹಲಗೆ. ರಾಗಿಹುಲ್ಲನ್ನು ಒತ್ತಿ ಮಾಡಿದ ಹಲಗೆಯ ಮೇಲೆ ನೂಲು ಬಿಗಿದು ಗಿಟಾರಿನ ಅಳತೆಗೆ ಸರಿಮಾಡಿರುತ್ತಾರೆ. ಅದನ್ನು ಎಷ್ಟು ನುಡಿಸಿದರೂ ತಟತಟ ಎನ್ನುತ್ತದೆ, ಅಷ್ಟೆ. ಸ್ವರವನ್ನು ನಾವು ತಲೆಯೊಳಗೇ ಕೇಳಿಕೊಳ್ಳಬೇಕು. ಮೀಸೆ ಮೂಡುವ ಮೊದಲು ಹಿಡಿದ ಮೌನಹಲಗೆಯನ್ನು ನಾನು ಮೀಸೆ ಬೆಳ್ಳಗಾದರೂ ಬಿಟ್ಟಿಲ್ಲ. ನನ್ನ ಹೆಂಡತಿ ಗಂಗುಲಮ್ಮ ಅದರ ತಟತಟ ಕೇಳುತ್ತಲೇ ಮಲಗಿ, ಅದು ನಿಂತರೆ ಎಚ್ಚರವಾಗುತ್ತಾಳೆ.

ನಾವು ನುಡಿಸುವುದು ನಿಮ್ಮವೇ ಹಾಡುಗಳನ್ನು. ನಮ್ಮಲ್ಲಿ ಅವಕ್ಕೆ ಬಂಡೆಪದ ಎನ್ನುತ್ತಾರೆ. ನಿಮ್ಮ ಮಾತಿನ ರಾಕ್ ಅನ್ನು ಯಾವನೋ ಓದುಬಲ್ಲವನು ಹಾಗೆ ತಿರುಗಿಸಿದನಂತೆ. ಬಂಡೆಯೊಳಗೆ ಬದುಕುವ ನಮಗೆ ಅದು ಒಪ್ಪಿತು. ಈ ಗಣಿಯ ಸುರಂಗವೊಂದರಲ್ಲಿ ಹಿಂದೆ ಯಾರೋ ಇಟ್ಟುಹೋದ ತಗಡಿನ ಪೆಟ್ಟಿಗೆಯಲ್ಲಿ ಹಾಡುವ ಯಂತ್ರವೊಂದಿತ್ತು. ನನ್ನ ಅಜ್ಜಿಯ ಕಾಲದವರೆಗೂ ಹಾಡಿ ಅದು ಸುಮ್ಮನಾಯಿತು. ಆ ಹೊತ್ತಿಗೆ ಎಲ್ಲ ಬಂಡೆಪದಗಳೂ ಬಾಯಿಗೆ ಬಂದಿದ್ದವು. ಮಾತಿನ ಅರ್ಥ ನಮಗೆ ಗೊತ್ತಿಲ್ಲ, ಹಾಗಾಗಿ ಒಂದೊಂದಕ್ಕೂ ಒಂದೊಂದು ಕಥೆ ಕಟ್ಟಿಕೊಂಡಿದ್ದೇವೆ. ಒಂದು, ರೈಲು ತಪ್ಪಿಸಿಕೊಂಡವನ ಪದ. ಇನ್ನೊಂದು, ಅತ್ತಿಗೆಯ ಮೇಲೆ ಮುನಿಸಿಕೊಂಡು ಊರು ಬಿಟ್ಟವನದು. ನಿಮ್ಮ ಹಾಡುಗಾರರು ಯಾಕೆ ಅಷ್ಟು ಜೋರಾಗಿ ಅರಚುತ್ತಿದ್ದರೆಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ, ಆಗ ಊರುಗಳು ದೂರ ದೂರ ಇದ್ದವಲ್ಲ ಎಂದು ಅಜ್ಜಿ ಹೇಳಿದ್ದಳು.

ಆ ಯಂತ್ರದೊಳಗಿನ ಹಾಡುಗಳು ಹೆಚ್ಚಿನವು ಒಂದೇ ರೀತಿ ಮುಗಿಯುತ್ತಿದ್ದವು. ಮುಗಿಯುತ್ತಿದ್ದವು ಎನ್ನುವುದೇ ತಪ್ಪು. ಕೊನೆಕೊನೆಗೆ ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ, ನುಡಿಸುತ್ತ, ಸದ್ದು ಸಣ್ಣಗಾಗುತ್ತ ಆಗುತ್ತ ಕೇಳಿಸದಂತಾಗುತ್ತಿತ್ತು. ನಮ್ಮ ಹಿರಿಯರಿಗೆ ಇದರ ಅರ್ಥ ತಟ್ಟನೆ ಹೊಳೆಯಿತು. ನೀವೆಲ್ಲ ಹಾಡುತ್ತಲೇ ಎದ್ದು, ನುಡಿಸುತ್ತಲೇ ಬಾಗಿಲು ದಾಟಿ, ರಸ್ತೆ ಹಿಡಿದು ನಡೆದುಹೋಗುತ್ತಿದ್ದಿರಿ. ಬೇರೆ ಇನ್ನೇನಿರಲು ಸಾಧ್ಯ? ಕೆಳಗಿನ ಊರಿನ ಒಬ್ಬ ಪಂಡಿತ, ನಿಮ್ಮ ಬಳಿ ಸದ್ದು ತಗ್ಗಿಸುವ ಗುಂಡಿಯೊಂದಿತ್ತು, ಯಾರೋ ಪಕ್ಕದಲ್ಲಿ ಕೂತು ಅದನ್ನು ತಿರುಗಿಸುತ್ತಿದ್ದರು ಎಂದು ವಾದಿಸಿದ. ಹಾಡು ಇನ್ನೂ ನಡೆಯುತ್ತಿರುವಾಗ ಯಾವ ಮನುಷ್ಯ ಅದನ್ನು ತಗ್ಗಿಸುತ್ತಾನೆ ಎಂದು ಊರೇ ಅವನನ್ನು ನೋಡಿ ನಕ್ಕಿತು.

ಹಾಗಾಗಿ ನಾವೂ ನಡೆಯುತ್ತೇವೆ. ಪದ ಕೊನೆಗೆ ಬಂದಾಗ ನುಡಿಸುವವರು ಎದ್ದು, ಪಡಸಾಲೆ ಬಿಟ್ಟು, ಹಳೆಯ ಸುರಂಗದೊಳಕ್ಕೆ ನುಡಿಸುತ್ತಲೇ ಹೋಗಬೇಕು. ಕೂತವರು ಒಂದು ಕೈ ಮೇಲೆತ್ತಿ ಕೇಳುತ್ತಾರೆ. ತಂತಿಯ ಸದ್ದು ತಮ್ಮ ಕಿವಿಗೆ ಬೀಳದಾದಾಗ ಅವರವರು ಕೈ ಇಳಿಸುತ್ತಾರೆ. ಕೊನೆಯ ಕೈ ಇಳಿದಾಗ ಪದ ಮುಗಿಯಿತು. ಒಳಗೆ ಹೋದವರಿಗೆ ಇದು ಯಾವುದೂ ತಿಳಿಯುವುದಿಲ್ಲ. ಬಿಸಿಲುಗೊಳವೆಗಳು, ಎಂದರೆ ಮೇಲಿನ ಬೆಳಕನ್ನು ಕನ್ನಡಿಯಿಂದ ಕನ್ನಡಿಗೆ ಇಳಿಸುವ ಕೊಳವೆಗಳು, ಮೊದಲ ತಿರುವಿಗೇ ನಿಲ್ಲುತ್ತವೆ. ಅಲ್ಲಿಂದಾಚೆ ಕತ್ತಲು. ಯಾರಾದರೂ ಇನ್ನೂ ಕೇಳುತ್ತಿದ್ದಾರೋ ಇಲ್ಲವೋ, ಎಲ್ಲಿ ನಿಲ್ಲಿಸಬೇಕು, ನುಡಿಸುವವರೇ ಊಹಿಸಬೇಕು. ಬೇಗ ಬಂದರೆ ಪುಕ್ಕಲು ಎನ್ನುತ್ತಾರೆ. ತಡವಾಗಿ ಬಂದರೆ ಜಂಬ ಎನ್ನುತ್ತಾರೆ.

ಈ ವರ್ಷ ಒಡಲಾಳು ಪಿಳ್ಳಪ್ಪಣ್ಣನ ಬೆರಳುಗಳು ಮಡಚಿಕೊಂಡವು. ಹೊಸಬರನ್ನು ಆರಿಸಬೇಕಾಯಿತು. ನಿಂತವರು ಇಬ್ಬರೇ, ನಾನು ಮತ್ತು ಗಂಗುಲಮ್ಮನ ತಂಗಿ ಅಲುವೇಲು. ಆರಿಸುವ ಕ್ರಮ ಸುಲಭ. ಇಬ್ಬರೂ ರೈಲು ತಪ್ಪಿಸಿಕೊಂಡವನ ಪದವನ್ನೇ ನುಡಿಸಬೇಕು. ನಡೆಯಲು ಎದ್ದಾಗ ತಳದಲ್ಲಿ ತೂತಿರುವ ಗಾಜಿನ ಪಾತ್ರೆಗೆ ನೀರು ತುಂಬಿ ಬಿಡುತ್ತಾರೆ. ಕೊನೆಯ ಕೈ ಇಳಿದಾಗ ನೀರು ಎಲ್ಲಿದೆಯೋ ಅಲ್ಲಿ ಮಸಿಯ ಗೆರೆ. ಯಾರ ಗೆರೆ ಕೆಳಗೆ ಬಂತೋ ಗಿಟಾರು ಅವರದು.

ಅಲುವೇಲು ನನಗಿಂತ ಎಷ್ಟೋ ಚಿಕ್ಕವಳು. ಮೌನಹಲಗೆ ಹಿಡಿಯಲು ಅವಳಿಗೆ ಕಲಿಸಿದವನು ನಾನು. ನಾನು ವರ್ಷಗಟ್ಟಲೆ ಉಜ್ಜಿ ಸಾಧಿಸಿದ್ದನ್ನು ಅವಳು ಅಣಬೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಬೆರಳಲ್ಲಿ ಆಡಿಸುತ್ತಿದ್ದಳು. ಅವಳನ್ನು ಹೊಗಳಿದವರಿಗೆಲ್ಲ ನಾನು ಹೌದು ಹೌದು ಎಂದಿದ್ದೇನೆ, ಮನೆಗೆ ಬಂದು ನೀರು ಕುಡಿದಿದ್ದೇನೆ.

ಮೂರು ದಿನದ ಹಿಂದೆ ಊರೆಲ್ಲ ಪಡಸಾಲೆಯಲ್ಲಿ ಕೂಡಿತು. ನನ್ನ ಸರದಿ ಮೊದಲು. ಗಿಟಾರು ತೊಡೆಗೆ ಬಂದಾಗ ಅದರ ಒಡಲಿನ ನಡುಕ ನನ್ನ ಹೊಟ್ಟೆಗೆ ತಾಗಿತು. ಇದೊಂದನ್ನು ಮೌನಹಲಗೆ ಯಾರಿಗೂ ಕಲಿಸುವುದಿಲ್ಲ. ಚೆನ್ನಾಗಿಯೇ ನುಡಿಸಿದೆ. ಎದ್ದು ನಡೆದೆ. ತಿರುವು ದಾಟಿದೆ, ಕತ್ತಲು ಬಂತು, ಬಂಡೆ ನನ್ನ ಸದ್ದನ್ನು ಎರಡು ಪಾಲು ಮಾಡಿ ಹಿಂದಿರುಗಿಸಿತು. ನಿಲ್ಲಿಸಿದರೆ ಗಿಟಾರು ಮತ್ತೆ ಎಂದು ಸಿಗುತ್ತದೋ ಎಂಬ ಆಸೆಗೆ ಇನ್ನೂ ಮುಂದೆ ಹೋದೆ. ಸುರಂಗದಲ್ಲಿ ನೀರು ನಿಂತಿರುವ ಕಡೆಯವರೆಗೂ ಹೋದೆ. ಹಿಂದಿರುಗಿದಾಗ ಊರು ಊಟಕ್ಕೆ ಕೂತಿತ್ತು. ಎಲ್ಲರೂ ತಲೆ ತಗ್ಗಿಸಿ ನಗುತ್ತಿದ್ದರು.

"ಬಾವ, ಯಾವ ಊರ್ಗಂಟ ಓಗಿದ್ದೆ? ಮುದ್ದೆ ತಣ್ಣಗಾಗೋಯ್ತು," ಎಂದಳು ಅಲುವೇಲು.

ಆದರೂ ನನ್ನ ಗೆರೆ ಬಹಳ ಕೆಳಗಿತ್ತು, ಪಿಳ್ಳಪ್ಪಣ್ಣನ ಹಳೆಯ ಗೆರೆಗಿಂತಲೂ ಕೆಳಗೆ. ನನ್ನ ಪದಕ್ಕೆ ಕೊನೆಯಲ್ಲಿ ಇಳಿದದ್ದು ಯಾರ ಕೈ ಎಂದು ಹೆಂಡತಿಯನ್ನು ಮೆಲ್ಲಗೆ ಕೇಳಿದೆ. ಅಲುವೇಲುವಿನದು ಎಂದಳು. ಎಲ್ಲರೂ ಇಳಿಸಿದ ಮೇಲೂ ಅವಳೊಬ್ಬಳೇ ಎತ್ತಿಕೊಂಡು ಕೂತಿದ್ದಳಂತೆ. ಇದು ನನಗೆ ಇನ್ನೂ ಚುಚ್ಚಿತು. ದೊಡ್ಡ ಮನಸ್ಸಿನಲ್ಲೂ ಈ ಹುಡುಗಿ ನನಗಿಂತ ಮೊದಲೇ ಹೋಗಿ ಕೂತಿದ್ದಳು.

ಊಟದ ಮೇಲೆ ಅವಳ ಸರದಿ. ಪದವನ್ನು ಅವಳು ಅವಸರವಿಲ್ಲದೆ, ನನ್ನಷ್ಟು ಅಲಂಕಾರವಿಲ್ಲದೆ ನುಡಿಸಿದಳು. ರೈಲು ಹೋದ ಮೇಲೂ ನಿಲ್ದಾಣದಲ್ಲಿ ನಿಂತವನು ನನ್ನ ಕಣ್ಣಿಗೆ ಬಂದ. ಎದ್ದು ಸುರಂಗಕ್ಕೆ ಹೋದಳು. ಪಾತ್ರೆಯ ನೀರು ತೊಟ್ಟಿಕ್ಕತೊಡಗಿತು. ಕೈಗಳು ಒಂದೊಂದಾಗಿ ಇಳಿದವು, ಮುದುಕರವು ಮೊದಲು. ಗಂಗುಲಮ್ಮ ಇಳಿಸಿದಳು. ಪಿಳ್ಳಪ್ಪಣ್ಣ ಇಳಿಸಿದ. ಸುತ್ತ ನೋಡಿದರೆ ಮೇಲಿದ್ದದ್ದು ನನ್ನ ಕೈಯೊಂದೇ. ನೀರು ನನ್ನ ಗೆರೆಗಿಂತ ಇನ್ನೂ ಒಂದು ಬೆರಳು ಮೇಲಿತ್ತು.

ಹಿರಿಯರೇ, ನನ್ನ ಕೈ ನಾನು ಇಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇನ್ನೊಬ್ಬರ ಕಿವಿಯೊಳಗೆ ಇಣುಕಲು ಯಾರಿಂದಲೂ ಆಗದು. ಗಿಟಾರು ನನ್ನ ಮನೆಗೆ ಬರುತ್ತಿತ್ತು. ಆದರೆ ನನಗೆ ಕೇಳಿಸುತ್ತಿತ್ತು. ತೆಳುವಾಗಿ, ದೂರದಿಂದ, ಅದೇ ಸಾಲು, ಮತ್ತೆ ಅದೇ ಸಾಲು. ಅದು ಸುರಂಗದಿಂದ ಬರುತ್ತಿತ್ತೋ, ಇಷ್ಟು ವರ್ಷ ಸದ್ದಿಲ್ಲದ ಹಲಗೆಯ ಮೇಲೆ ಕೇಳಿಕೊಂಡ ಅಭ್ಯಾಸಕ್ಕೆ ನನ್ನ ತಲೆಯೊಳಗಿಂದ ಬರುತ್ತಿತ್ತೋ, ಎಷ್ಟು ಕಿವಿಗೊಟ್ಟರೂ ಬೇರೆ ಮಾಡಲಾಗಲಿಲ್ಲ.

"ಸೊಣ್ಣಪ್ಪ, ಇನ್ನೂ ಕೇಳ್ತೈತೇನಪ್ಪ?" ಎಂದ ಪಿಳ್ಳಪ್ಪಣ್ಣ.

"ಕೇಳ್ತೈತೆ," ಎಂದೆ.

ನೀರು ನನ್ನ ಗೆರೆಯನ್ನು ಮುಟ್ಟಿತು, ದಾಟಿತು. ಕೈ ಜೋಮು ಹಿಡಿಯಿತು. ಆ ಹೊತ್ತಿಗೆ ಸುರಂಗದ ಬಾಯಲ್ಲಿ ಅಲುವೇಲು ಕಾಣಿಸಿದಳು. ಗಿಟಾರು ಅವಳ ಬೆನ್ನಿಗಿತ್ತು, ಕೈಗಳು ಖಾಲಿಯಿದ್ದವು. ನನ್ನ ಕೈ ಇನ್ನೂ ಮೇಲೇ ಇತ್ತು. ಪಡಸಾಲೆಯಲ್ಲಿ ನಗು ಎದ್ದಿತು. ಅವಳು ಮಾತ್ರ ನಗದೆ ನನ್ನೆದುರು ಬಂದು ನಿಂತಳು.

"ಬಾವ, ಕತ್ತಲು ಕಂಡು ತಿರುವಿನ ತಾವೇ ನಿಲ್ಲಿಸ್ಬಿಟ್ಟು ಅಲ್ಲೇ ಕುಂತಿದ್ದೆ. ನಿಂಗೇನು ಕೇಳಿಸ್ತು?"

ಆಗ ನಾನು ಕೈ ಇಳಿಸಿದೆ. ಅವಳು ಅದನ್ನೇ ಪಿಳ್ಳಪ್ಪಣ್ಣನಿಗೂ ಹೇಳಿ, ಗೆಲುವು ಬಾವನದೆಂದು ಗಿಟಾರನ್ನು ಕೆಳಗಿಟ್ಟಳು. ಮುದುಕ ತಲೆಯಾಡಿಸಿದ.

"ನುಡಿಸೋರು ನಿಲ್ಲಿಸಿದ್ರೆ ಪದ ನಿಲ್ಲಲ್ಲಮ್ಮ. ಕೇಳೋರ ಕೈ ಇಳೀಬೇಕು. ನಮ್ಮ ಕಟ್ಟು ಇರೋದೇ ಹಂಗೆ."

ಗಿಟಾರು ಅವಳದಾಯಿತು. ನನ್ನ ಕೈಯಿಂದಲೇ ಆಯಿತು. ಇಂಥ ಕಿವಿಯನ್ನು ಸುಮ್ಮನೆ ಬಿಡಬಾರದೆಂದು, ದಿನವೂ ಗಿಟಾರಿನ ಶ್ರುತಿ ನೋಡುವ ಕೆಲಸವನ್ನು ಪಿಳ್ಳಪ್ಪಣ್ಣ ನನಗೆ ಹಚ್ಚಿದ. ನಾನು ತಂತಿ ಬಿಗಿದು ಸರಿಮಾಡಿ ಕೊಡುತ್ತೇನೆ, ಅವಳು ನುಡಿಸುತ್ತಾಳೆ. ಅವಳು ಚೆನ್ನಾಗಿ ನುಡಿಸಿದಷ್ಟೂ ನಮ್ಮ ಮನೆಯ ಸಾರು ಹಳಸುತ್ತದೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಗೋಡೆಯ ಮೇಲೋ ಮಂಚದ ಕೆಳಗೋ ಗಿಟಾರು ಇದ್ದೀತು. ಅದನ್ನು ತೆಗೆದು ಧೂಳು ಒರೆಸಿ. ಎಡಗೈಯ ಉಗುರು ಕತ್ತರಿಸಿ. ನಿಮ್ಮ ಅಪ್ಪನೋ ಅತ್ತೆಯೋ ಇಷ್ಟಪಡುತ್ತಿದ್ದ ಯಾವುದಾದರೂ ಒಂದು ಹಳೆಯ ಪದವನ್ನು, ಬರುವಷ್ಟು, ತಪ್ಪಿದರೂ ಸರಿ, ನುಡಿಸಿ. ತಪ್ಪಿದರೆ ಒಳ್ಳೆಯದೇ; ನನ್ನ ಕಿಚ್ಚು ಅಷ್ಟು ತಣ್ಣಗಾಗುತ್ತದೆ. ನೀವು ನಿಜವಾಗಿ ನಡೆದುಹೋಗುತ್ತಿದ್ದಿರೋ ಅಥವಾ ಆ ಪಂಡಿತ ಹೇಳಿದಂತೆ ಗುಂಡಿ ತಿರುಗಿಸುತ್ತಿದ್ದಿರೋ, ಅದನ್ನು ಮಾತ್ರ ತಿಳಿಸಬೇಡಿ. ನಾವು ಇಲ್ಲಿ ಬಹಳ ದೂರ ನಡೆದುಬಿಟ್ಟಿದ್ದೇವೆ.

ಇನ್ನು ಬರುತ್ತೇನೆ. ಅಲುವೇಲು ಆಗಲೇ ಎರಡು ಸಲ ಕರೆದಳು. ಇಂದು ಪಡಸಾಲೆಯಲ್ಲಿ ಒಡಲಾಳಾಗಿ ಅವಳ ಮೊದಲ ಪದ, ಜನ ಕೂಡಿದ್ದಾರೆ. ನಾನು ಹೋಗಿ ಶ್ರುತಿ ಮಾಡಿಕೊಡಬೇಕು. ಸೆಕೆಗೆ ಹಲಸಿನ ಮರ ಉಬ್ಬಿ, ಮೂರನೆಯ ತಂತಿ ಯಾಕೋ ಇವತ್ತು ಸುಲಭಕ್ಕೆ ಕೂರುವಂತೆ ಕಾಣುತ್ತಿಲ್ಲ. ಕೂರಲಿ, ನಿಧಾನವಾಗಿ ಕೂರಲಿ. ಅದು ಸರಿಹೋಗುವವರೆಗೆ ಗಿಟಾರು ನನ್ನ ತೊಡೆಯ ಮೇಲೇ ಇರುತ್ತದೆ.