ಗೊತ್ತಿಲ್ಲ ಅನ್ನುವ ಆಟ

ಹಿರೇಕೊಡಿಗೆ
೧೬ ಫೆಬ್ರವರಿ ೨೦೨೫

ಪ್ರೀತಿಯ ತಂಗಿ ಸುಮಾ,

ನಾನೂ ಚೈತ್ರಾಳೂ ಉಂಡುಟ್ಟು ಓಡಾಡಿಕೊಂಡಿದ್ದೇವೆ. ನರಸಿಂಹರಾಜಪುರದಲ್ಲಿ ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಕೊಟ್ಟು ಕಳಿಸಿದ ಸೀರೆ ಕೈಸೇರಿ ಇಷ್ಟು ದಿನವಾದರೂ ಒಂದು ಮಾತು ತಿಳಿಸಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಎಸ್ಟೇಟಿನಲ್ಲಿ ಕಾಫಿ ಕೊಯ್ಲು ಮುಗಿಯುವ ತನಕ ಬೆನ್ನು ನೆಟ್ಟಗೆ ಮಾಡಲು ಪುರಸೊತ್ತಿರಲಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗುತ್ತೀಯೇನೋ. ಇಷ್ಟು ದೊಡ್ಡ ಹುಡುಗಿಯಾದರೂ ಚೈತ್ರಾ ಸದಾ ಈ ಅಮ್ಮನ ಸೆರಗು ಹಿಡಿದೇ ಇರುತ್ತಾಳೆ. ನಾನು ಫೋನಿನಲ್ಲಿ ಆಡಿದ್ದನ್ನೆಲ್ಲ ಕೇಳಿಸಿಕೊಂಡು ದಾರಿಯಲ್ಲಿ ಸಿಕ್ಕವರಿಗೆ ಒಪ್ಪಿಸುತ್ತಾಳೆ. ಈ ವಿಷಯ ಊರಿಗೆ ತಿಳಿಯುವುದು ಬೇಡ.

ಅವಳ ಅಂಗವಿಕಲರ ಸರ್ಟಿಫಿಕೇಟಿನ ಅವಧಿ ಮುಗಿದಿದೆ. ವೈದ್ಯರ ಬೋರ್ಡಿನ ಮುಂದೆ ಮತ್ತೆ ಸಂದರ್ಶನಕ್ಕೆ ಹಾಜರಾಗಬೇಕೆಂದು ನನ್ನ ಮೈದುನ ಯೋಗೇಂದ್ರನ ಮೊಬೈಲಿಗೆ ಮೆಸೇಜು ಬಂದಿದೆ. ಕಮ್ಮರಡಿಯ ಅಂಗಡಿ ನೋಡಿಕೊಳ್ಳುವುದರ ಜೊತೆಗೆ, ನಮ್ಮವರು ತೀರಿಕೊಂಡ ಮೇಲೆ ನಮ್ಮ ಕಚೇರಿ ಅಲೆದಾಟವೂ ಅವನದೇ.

ಕಳೆದ ಸಲ ಏನಾಯಿತೆಂದು ನಿನಗೆ ಗೊತ್ತು. ಡಾಕ್ಟರು ಕೇಳಿದ್ದಕ್ಕೆಲ್ಲ ಚೈತ್ರಾ ಹುರುಪಿನಿಂದ ಉತ್ತರ ಕೊಟ್ಟಳು. ಹೆಸರು ಹೇಳಿದಳು, ಬಣ್ಣ ಹೇಳಿದಳು, ಬೆರಳು ಎಣಿಸಿದಳು. ನಾನು ಪಕ್ಕದಲ್ಲಿ ಕೂತು ಹಿಗ್ಗಿ ಹೋಗಿದ್ದೆ. ನ್ಯೂನತೆ ಕಡಿಮೆ ಎಂದು ಬರೆದರು, ಮಾಸಾಶನವೂ ಕಡಿಮೆಯಾಯಿತು. ಆಗ ಯೋಗೇಂದ್ರ, "ಅತ್ತಿಗೆ, ನಿಮ್ಮ ಮಗಳು ಪಾಸಾದ್ಲು, ನೀವು ಫೇಲಾದ್ರಿ" ಎಂದಿದ್ದ.

ಈ ಸಲ ಫೇಲಾಗುವ ಹಾಗಿಲ್ಲ ಸುಮಾ. ಕೊಯ್ಲಿನ ನಡುವೆ ಒಂದು ದಿನ ನಾನು ಗಿಡದ ಬುಡದಲ್ಲೇ ಕುಸಿದುಬಿಟ್ಟೆ. ಕೊಪ್ಪದ ಡಾಕ್ಟರು ಎದೆ ಪರೀಕ್ಷೆ ಮಾಡಿ, ಇನ್ನು ಭಾರ ಎತ್ತುವ ಕೆಲಸ ಬಿಡಿ ಎಂದರು. ಯೋಗೇಂದ್ರನ ಹೆಂಡತಿ ಭವ್ಯ ಕೆಟ್ಟವಳಲ್ಲ. "ನಿಮಗೆ ಎಂತಾರೂ ಆದ್ರೆ ಚೈತ್ರಾನ ನಾವೇ ನೋಡ್ಕಂತೀವಿ ಅಕ್ಕಾ, ಆದ್ರೆ ಅವಳ ಹೆಸರಲ್ಲಿ ಒಂದು ಆಧಾರ ಅಂತ ಇರ್ಬೇಕಲ" ಎಂದಳು. ಅದರಲ್ಲಿ ತಪ್ಪೇನಿದೆ? ಬೆರಳು ಎಣಿಸಲು ಬಂದರೆ ಬದುಕಲು ಬಂದಂತೆಯೇ? ಅವಳನ್ನು ಒಲೆಯ ಹತ್ತಿರ ಬಿಡುವಂತಿಲ್ಲ. ತಿಂಗಳ ರಜೆಯಲ್ಲಿ ಬಟ್ಟೆ ನಾನೇ ಬದಲಿಸಬೇಕು. ಎರಡು ವರ್ಷದ ಹಿಂದೆ ಯಾವನೋ ಬೈಕಿನವನು ಮಿಕ್ಸ್ಚರ್ ಪೊಟ್ಟಣ ತೋರಿಸಿದ್ದೇ ಹಿಂದೆ ಹತ್ತಿ ಕೂತವಳು ಅವಳು. ಕಮ್ಮರಡಿಯಲ್ಲಿ ಯೋಗೇಂದ್ರನ ಕಣ್ಣಿಗೆ ಬೀಳದಿದ್ದರೆ! ಆ ಹೆದರಿಕೆಗೇ ಅಲ್ಲವೇ ನೀನು ನಮ್ಮಲ್ಲಿ ಬಂದು ಉಳಿದು, ಹಾಡಿನ ಹಾಗೆ ಕಲಿಸಿದ್ದು: ನನ್ನ ಹೆಸರು ಚೈತ್ರ, ನಮ್ಮೂರು ಹಿರೇಕೊಡಿಗೆ, ನಮ್ಮಮ್ಮ ಸೀತೆ.

ಈಗ ಯೋಗೇಂದ್ರ ದಿನವೂ ಸಂಜೆ ಅಂಗಡಿ ಮುಚ್ಚಿ ಬಂದು ಅವಳಿಗೆ ಬೇರೆ ಪಾಠ ಹೇಳುತ್ತಿದ್ದಾನೆ. ಎದುರಿಗೆ ಕುರ್ಚಿ ಹಾಕಿ ಡಾಕ್ಟರಂತೆ ಕೂರುತ್ತಾನೆ. ಏನು ಕೇಳಿದರೂ "ಗೊತ್ತಿಲ್ಲ" ಅನ್ನಬೇಕು. ಅಂದರೆ ಒಂದು ಚೂರು ಕೊಬ್ಬರಿ ಮಿಠಾಯಿ. ಮೊದಮೊದಲು ಅವಳಿಗೆ ನಗು ತಡೆಯುತ್ತಿರಲಿಲ್ಲ. "ನಿನ್ನ ಹೆಸರೇನು?" ಎಂದರೆ "ಗೊತ್ತಿಲ್ಲ, ಚೈತ್ರ!" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಈಗ ತಟ್ಟುವುದಿಲ್ಲ.

ಮೊನ್ನೆ ಅವನು ನನ್ನ ಕಡೆ ಬೆರಳು ತೋರಿಸಿ, "ಇವರು ಯಾರು?" ಎಂದ. ನನಗೆ ತಡೆಯಲಾಗಲಿಲ್ಲ. "ಅದೊಂದು ಬೇಡ ಯೋಗೇಂದ್ರ" ಎಂದೆ.

"ಅದ್ನೇ ಮೊದ್ಲು ಕೇಳೋದು ಮಾರಾಯ್ರೆ. ಅಲ್ಲಿ ಅಮ್ಮ ಅಂದುಬಿಟ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹಾಕಿದಂಗೆ. ನಾವೆಂತ ಸುಳ್ಳು ಹೇಳ್ತಿದೀವಾ? ಅವ್ಳು ಒಬ್ಳೇ ಇರಕ್ಕಾಗಲ್ಲ ಅನ್ನದು ನಿಜ ಅಲ್ದಾ? ಆ ನಿಜ ಅವ್ರ ಕಣ್ಣಿಗೆ ಕಾಣ್ಬೇಕು, ಅಷ್ಟೆ."

ಚೈತ್ರಾ ನನ್ನನ್ನೇ ನೋಡುತ್ತ ಕೂತಳು. ನಾನೇ ತಲೆ ಆಡಿಸಿದೆ, ಹೇಳು ಎಂದು. ಹೇಳಿದಳು. ಮಿಠಾಯಿಯನ್ನು ನಾನೇ ಬಾಯಿಗೆ ಹಾಕಿದೆ.

ಬಸ್ಸಿನ ಕಂಡಕ್ಟರ್ ಸುಬ್ಬಯ್ಯನವರು ದಿನವೂ ಅವಳನ್ನು "ಎಂತ ಕೂಸೇ, ಎಲ್ಲಿಗೆ ಸವಾರಿ?" ಎಂದು ಮಾತಾಡಿಸುತ್ತಾರಲ್ಲ, ನಿನ್ನೆ ಅವರಿಗೂ ಉತ್ತರ ಕೊಡದೆ ಕಿಟಕಿಯ ಕಡೆ ತಿರುಗಿದಳು. "ಮೈ ಹುಷಾರಿಲ್ವಾ?" ಎಂದು ಅವರು ನನ್ನನ್ನು ಕೇಳಿದರು. ಹೌದೆಂದೆ. ಸಂದರ್ಶನ ಒಂದು ಮುಗಿದರೆ ಎಲ್ಲ ಮೊದಲಿನ ಹಾಗಾಗುತ್ತದೆ. ಆಗುತ್ತದಲ್ಲವೇ?

ನಿನ್ನ ಅಕ್ಕ,
ಸೀತೆ

*

ಹಿರೇಕೊಡಿಗೆ
೨೪ ಮಾರ್ಚ್ ೨೦೨೫

ಪ್ರೀತಿಯ ಸುಮಾ,

ನಿನ್ನ ಎರಡು ಫೋನಿಗೂ ಸರಿಯಾಗಿ ಮಾತಾಡಲಿಲ್ಲ, ಕ್ಷಮಿಸು. ನೀನು ಕೇಳಿದ್ದಕ್ಕೆ ಈಗ ಕೂತು ಬರೆಯುತ್ತಿದ್ದೇನೆ.

ಸಂದರ್ಶನ ಆಯಿತು. ಜಿಲ್ಲಾ ಕೇಂದ್ರಕ್ಕೆ ಬೆಳಗಿನ ಬಸ್ಸಿಗೇ ಹೋದೆವು. ಉದ್ದನೆಯ ವರಾಂಡದ ತುಂಬ ನಮ್ಮಂಥವರೇ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲರೂ ಆ ಬಾಗಿಲನ್ನೇ ನೋಡುವವರು. ಯೋಗೇಂದ್ರ ಅವಳ ಕಿವಿಯ ಹತ್ತಿರ ಬಗ್ಗಿ, "ಆಟ ನೆನಪಿದೆಯಲ ಪುಟ್ಟಿ?" ಎಂದು ಕೇಳಿದ. ಅವಳು "ಗೊತ್ತಿಲ್ಲ" ಎಂದಳು. ಅವನಿಗೆ ಸಮಾಧಾನವಾಯಿತು. ನಾನು ಅವಳ ಕೈ ಬಿಗಿಯಾಗಿ ಹಿಡಿದುಕೊಂಡೆ.

ಡಾಕ್ಟರು ಒಬ್ಬ ಹೆಂಗಸು, ಕನ್ನಡಕದವರು. ಗದರುವವರಲ್ಲ. ಬೀಗದ ಕೈ ತೋರಿಸಿ ಇದೇನು ಎಂದರು, ಅವಳ ಕೈಯ ಬಳೆ ಮುಟ್ಟಿ ಯಾವ ಬಣ್ಣ ಎಂದರು. ಕೆಂಪು ಬಳೆಯೇ ಬೇಕೆಂದು ಅಂಗಡಿಯಲ್ಲಿ ರಚ್ಚೆ ಹಿಡಿದು ತೊಡಿಸಿಕೊಂಡವಳು, "ಗೊತ್ತಿಲ್ಲ" ಎಂದಳು. ಧ್ವನಿಯಲ್ಲಿ ಏರಿಲ್ಲ, ಇಳಿವಿಲ್ಲ. ನಾನು ನೆಲ ನೋಡುತ್ತ ಕೂತಿದ್ದೆ.

ನಾಲ್ಕೈದು ಪ್ರಶ್ನೆಯಾದ ಮೇಲೆ ಡಾಕ್ಟರು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅಮ್ಮ, ಈಗ ನೀವು ಹೇಳಿ. ಸ್ನಾನ ಯಾರು ಮಾಡಿಸ್ತೀರ? ಒಬ್ಬಳೇ ಮನೇಲಿ ಇರ್ತಾಳಾ? ಅಪರಿಚಿತರು ಕರೆದರೆ ಹೋಗ್ತಾಳಾ?" ಬೈಕಿನವನ ಕತೆ ಹೇಳುವಾಗ ನನಗೆ ಅಳು ಬಂತು. ಅವರು ಬರೆದುಕೊಂಡರು. "ಉತ್ತರ ಹೇಳ್ತಾಳೋ ಇಲ್ವೋ ಅನ್ನೋದಕ್ಕಿಂತ ನಮಗೆ ಇದು ಮುಖ್ಯಮ್ಮ. ಇದನ್ನ ಹೋದ ಸಲ ಯಾಕೆ ಹೇಳಲಿಲ್ಲ?" ಎಂದರು.

ಹೋದ ಸಲ ಅದಿನ್ನೂ ನಡೆದಿರಲಿಲ್ಲ, ನಡೆದಿದ್ದರೂ ಹೇಳಬೇಕೆಂದು ಯಾರಿಗೆ ಗೊತ್ತಿತ್ತು? ಯೋಗೇಂದ್ರ ಅಷ್ಟು ತಾಲೀಮು ಮಾಡಿಸಿದ್ದನಲ್ಲ, ನನ್ನನ್ನು ತೋರಿಸಿ ಇವರು ಯಾರು ಎಂಬ ಪ್ರಶ್ನೆ, ಅದನ್ನು ಅವರು ಕೇಳಲೇ ಇಲ್ಲ.

ಹೊಸ ಕಾರ್ಡು ಬರುತ್ತದೆ. ನಾವು ಬೇಡಿದಷ್ಟೇ ಬರೆದಿದ್ದಾರಂತೆ. ಭವ್ಯ ಪಾಯಸ ಮಾಡಿದಳು. ನೀನೂ ನಿನ್ನ ಯಜಮಾನರೂ ಮಕ್ಕಳೂ ತಣ್ಣಗಿರಿ. ನಿನ್ನ ಮನೆಯ ಒಲೆಗೂ ನಿನ್ನ ಹಣೆಯ ಕುಂಕುಮಕ್ಕೂ ಶಾರದಮ್ಮನ ಕಾವಲಿರಲಿ.

ನಿನ್ನ ಅಕ್ಕ,
ಸೀತೆ

ತಾ. ಕ.: ಇದನ್ನು ಬರೆಯಬಾರದೆಂದಿದ್ದೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಕೆಲಸ ಕೈಗೂಡಿತಲ್ಲ, ತಾಯಿಗೆ ಕೈಮುಗಿದು ಬರೋಣವೆಂದು ಕಳೆದ ಶುಕ್ರವಾರ ಅವಳನ್ನು ಕರೆದುಕೊಂಡು ಶೃಂಗೇರಿಗೆ ಹೋಗಿದ್ದೆ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಲೆ ಸುತ್ತಿ ಬಂತು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಬಿಡುವಷ್ಟರಲ್ಲಿ ಅವಳಿಲ್ಲ. ಕೂಗಿ ಕೂಗಿ ಸೋತೆ. ಕೆಂಪು ಬಳೆಯ ಹುಡುಗಿ ಮೆಣಸೆ ಕಡೆಯ ಬಸ್ಸು ಹತ್ತಿದಳೆಂದು ಹೂ ಮಾರುವವರು ಹೇಳಿದರು. ಆಟೋ ಮಾಡಿಕೊಂಡು ಓಡಿದೆ.

ಮೆಣಸೆಯಲ್ಲಿ ಯಮುನಮ್ಮ ಎಂಬವರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ನಾನು ಕೈ ಹಿಡಿಯಲು ಹೋದರೆ ಆ ತಾಯಿ ಅಡ್ಡ ಬಂದರು. "ನಿಲ್ಲಿ ಮಾರಾಯ್ರೆ. ಆಗಿಂದ ಕೇಳ್ತಿದೀನಿ, ಹೆಸ್ರು ಯಾವ್ದು, ಊರು ಯಾವ್ದು, ಅಮ್ಮ ಯಾರು ಅಂತ. ಎಲ್ಲದಕ್ಕೂ ಗೊತ್ತಿಲ್ಲ ಅಂತಾಳೆ. ನಿಮ್ಮ ಮಗಳೇ ಅಂತ ನಾ ಹೆಂಗೆ ನಂಬ್ಲಿ? ಹಿಂದೆಯೇ ಒಬ್ಬ ಗಂಡಸು ಬಂದು, ನಮ್ಮ ಕಡೆ ಹುಡ್ಗಿ, ಕರ್ಕೊಂಡು ಹೋಗ್ತೀನಿ ಅಂದಿದ್ದ. ಬೈದು ಕಳ್ಸಿದೀನಿ." ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹೇಳು ಮಗಾ, ಇವ್ರು ಯಾರು?"

ಚೈತ್ರಾ ನನ್ನ ಮುಖವನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು. "ಗೊತ್ತಿಲ್ಲ" ಎಂದಳು.

ನನ್ನ ಫೋನಿಗೆ ಯೋಗೇಂದ್ರ ಓಡಿ ಬಂದು ಮೊಬೈಲಿನಲ್ಲಿದ್ದ ಫೋಟೋ ತೋರಿಸುವ ತನಕ ಆ ತಾಯಿ ಬಿಡಲಿಲ್ಲ. ಅವರ ಕಾಲಿಗೆ ಬಿದ್ದು ಬಂದೆ. ಅಂದಿನಿಂದ ಚೈತ್ರಾ ಉಣ್ಣುತ್ತಾಳೆ, ಮಲಗುತ್ತಾಳೆ, ಸೆರಗೂ ಹಿಡಿಯುತ್ತಾಳೆ. ಅಮ್ಮ ಅನ್ನುವುದಿಲ್ಲ. ಆಟ ಮುಗಿಯಿತು ಮಗಾ ಎಂದು ಬೇಡಿಕೊಂಡೆ. ಅವಳಿಗೆ ಆಟ ಮುಗಿಸುವುದನ್ನು ನಾವು ಕಲಿಸಿಲ್ಲ ಸುಮಾ.

ಒಮ್ಮೆ ಬಂದು ಹೋಗು. ಆ ಆಟದಲ್ಲಿ ನಿನ್ನ ಬಗ್ಗೆ ನಾವು ಅವಳನ್ನು ಏನೂ ಕೇಳಿರಲಿಲ್ಲ. ಅಂಗಳದಲ್ಲಿ ನಿಂತು ಅವಳನ್ನು ಕರೆ. ಚಿಕ್ಕಿ ಅನ್ನುತ್ತಾಳೋ ನೋಡೋಣ.